ಕ್ಯಾಂಪರ್ ಪೆಟ್ಟಿಗೆಯ ಲಡ್ಡು ಮರ: ಮೃಗಶಿರಾ ಮಳೆಗೆ ಮುಂಚೆ ಮುಗಿಸಬೇಕಾದ ಕೆಲಸ

ಪಿಕಪ್ ಮೇಲೆ ಕೂರಿಸಿ, ಬೇಡವಾದಾಗ ನಾಲ್ಕು ಕಾಲಿನ ಮೇಲೆ ಇಳಿಸಿಡುವ ಕ್ಯಾಂಪರ್ ಪೆಟ್ಟಿಗೆ ಹೊರಗಿನಿಂದ ನೋಡಿದರೆ ಅಲ್ಯೂಮಿನಿಯಂ ಡಬ್ಬ. ಭಾರ ಹೊರುವುದು ಮಾತ್ರ ಒಳಗಿನ ಮರ. ಸಾಮಾನ್ಯವಾಗಿ ಹೊರಗೆ ಒಂದು ಮಿ.ಮೀ.ಗಿಂತ ತೆಳುವಾದ ತಗಡು, ಒಳಗೆ 3-4 ಮಿ.ಮೀ. ಪ್ಲೈ, ನಡುವೆ ರೀಪಿನ, ಅಂದರೆ ಮರದ ಪಟ್ಟಿಗಳ, ಚೌಕಟ್ಟು, ರೀಪಿನ ಸಂದುಗಳಲ್ಲಿ ಥರ್ಮಾಕೋಲ್. ತಗಡಿನ ಕೂಡಿಕೆಯಲ್ಲಿ ಒಮ್ಮೆ ಹೊಕ್ಕ ನೀರು ಅಲ್ಲೇ ಉಳಿಯುತ್ತದೆ. ಹೊರಗೆ ತಗಡು ಬಿಡುವುದಿಲ್ಲ, ಒಳಗೆ ಬಣ್ಣ ಬಳಿದ ಪ್ಲೈ ಬಿಡುವುದಿಲ್ಲ. ಮರ ಕೊಳೆಸುವ ಶಿಲೀಂಧ್ರಕ್ಕೆ ಶೇ. 20ಕ್ಕಿಂತ ಹೆಚ್ಚು ತೇವ ಬೇಕು, ಶೇ. 30ರ ಹತ್ತಿರ ಹೋದರೆ ಅದು ಹಾಯಾಗಿ ಬೆಳೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ. ಅಲ್ಲಿ, ತೀರ್ಥಹಳ್ಳಿಯಲ್ಲಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ತೇವ, ಹದವಾದ ಬೆಚ್ಚಗೆ ಎರಡೂ ಒಟ್ಟಿಗೇ ಸಿಗುತ್ತವೆ. ಒಂದೇ ಮಳೆಗಾಲದಲ್ಲಿ ಒಂದು ಮೂಲೆಯ ಮರ ಕೊಳೆತು ಮೆತ್ತಗಾಗಿ ಲಡ್ಡಾಗಬಹುದು.

ಹಾಗಾಗಿ ಬಿಚ್ಚುವ ಕೆಲಸಕ್ಕೆ ಕೈ ಹಾಕುವುದಾದರೆ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ. ಜುಲೈಯಲ್ಲಿ ತೇವದ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ರಿಪೇರಿಯಲ್ಲ, ಕೊಳೆತವನ್ನು ಒಳಗೆ ಕೂಡಿ ಹಾಕುವ ಕೆಲಸ. ಮಳೆಗಾಲದಲ್ಲಿ ಸೋರಿದರೆ ಮೇಲಿನಿಂದ ಮರೆ ಕಟ್ಟಿ, ಒಳಗೆ ಗಾಳಿ ಆಡಲು ಬಿಟ್ಟು, ಸುಗ್ಗಿ ಕಾಲಕ್ಕೆ ಕಾಯುವುದೇ ಸರಿ.

ಹುಡುಕುವುದಕ್ಕೆ ದೊಡ್ಡ ಸಲಕರಣೆ ಬೇಡ. ಗೋಣಿ ಹೊಲಿಯುವ ದಬ್ಬಳ, ಒಂದು ಸ್ಕ್ರೂಡ್ರೈವರ್, ಸಾಧ್ಯವಾದರೆ ಎರಡು ಮುಳ್ಳಿನ ತೇವ ಮೀಟರ್. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ: ಗಟ್ಟಿ ಮರ ಟಣ್ ಎನ್ನುತ್ತದೆ, ಲಡ್ಡು ಮರ ಬೂದಿಗುಂಬಳ ತಟ್ಟಿದ ಹಾಗೆ ಡಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ದಬ್ಬಳ ಒತ್ತಿ. ಕೈಬಲಕ್ಕೇ 4-5 ಮಿ.ಮೀ. ಇಳಿದರೆ ಅಲ್ಲಿ ಮರ ಹೋಗಿದೆ. ಮೀಟರ್‌ನಲ್ಲಿ 15ರ ಒಳಗಿದ್ದರೆ ಚಿಂತೆಯಿಲ್ಲ, 15ರಿಂದ 20 ಬಂದರೆ ತಿಂಗಳು ಬಿಟ್ಟು ಮತ್ತೆ ನೋಡಿ, 20 ದಾಟಿದರೆ ಆ ಜಾಗದ ಪ್ಲೈ ಬಿಚ್ಚಲೇಬೇಕು. ಮುಳ್ಳಿಲ್ಲದ, ಬರೀ ಒತ್ತಿ ನೋಡುವ ಮೀಟರ್ ಈ ಕೆಲಸಕ್ಕೆ ಬೇಡ. ತೆಳು ಪ್ಲೈ ಹಿಂದಿನ ಅಲ್ಯೂಮಿನಿಯಂ ಅದಕ್ಕೆ ಸುಳ್ಳು ಅಂಕಿ ಹೇಳಿಸುತ್ತದೆ.

ಮೊದಲು ನೋಡಬೇಕಾದ್ದು ಡ್ರೈವರ್ ಕ್ಯಾಬಿನ್ ಮೇಲೆ ಚಾಚಿಕೊಂಡಿರುವ ಹಾಸಿಗೆ ಭಾಗದ ಮುಂದಿನ ಕೆಳ ಮೂಲೆಗಳನ್ನು, ಕಿಟಕಿಗಳ ಕೆಳಗಿನ ಎರಡು ಮೂಲೆಗಳನ್ನು, ಮಾಡಿನ ಗಾಳಿಕಿಂಡಿಯ ಸುತ್ತ, ಹಿಂಬಾಗಿಲ ಹೊಸ್ತಿಲ ಕೆಳಗೆ. ಪಿಕಪ್ ಪಕ್ಕದ ಗೋಡೆಗಳ ಮೇಲೆ ಹೊರಚಾಚಿದ ರೆಕ್ಕೆಯ ಅಡಿಭಾಗವನ್ನು ಜನ ಮರೆಯುತ್ತಾರೆ. ಚಕ್ರ ಎರಚುವ ಕೆಸರು ನೀರು ಹೊಡೆಯುವುದು ಅಲ್ಲಿಗೇ.

ಆದರೆ ಕಲೆ ಕಂಡ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ಮಾಡಿನ ಅಂಚಿನಲ್ಲಿ ಹೊಕ್ಕ ನೀರು ರೀಪಿನ ಗುಂಟ ಹರಿದು, ಆರು ಅಡಿ ಆಚೆ, ಕಿಟಕಿ ಕೆಳಗೆ ಕಾಣಿಸಿಕೊಳ್ಳುತ್ತದೆ. ಹೆಂಚಿನ ಮನೆಯಲ್ಲಿ ಒಡೆದ ಹೆಂಚು ಒಂದು ಕಡೆ, ಪಕಾಸಿಯಿಂದ ತೊಟ್ಟಿಕ್ಕುವುದು ಇನ್ನೊಂದು ಕಡೆ ಇರುವಂತೆಯೇ. ಮೂಲ ಹುಡುಕುವ ಖಚಿತ ದಾರಿ ಇದು: ಎಲ್ಲ ಕಿಂಡಿ, ಸಿಂಕ್ ಪೈಪು, ಬಾಗಿಲ ಸಂದುಗಳಿಗೆ ಟೇಪ್ ಹಚ್ಚಿ, ಒಂದು ಕಿಂಡಿಯಿಂದ ಬ್ಲೋವರ್ ಗಾಳಿ ಒಳಗೆ ಬಿಡಿ. ಹೊರಗಿನಿಂದ ಪ್ರತಿ ಕೂಡಿಕೆಗೂ ಸೋಪಿನ ನೀರು ಬಳಿಯಿರಿ. ಗುಳ್ಳೆ ಏಳುವ ಕಡೆಗೆಲ್ಲ ಪೆನ್ಸಿಲ್ ಗುರುತು ಹಾಕಿ. ಮೂಲೆಗಳ ಅಲ್ಯೂಮಿನಿಯಂ ಪಟ್ಟಿಯಲ್ಲಿ, ಅದರ ಸ್ಕ್ರೂಗಳ ತಲೆಯ ಸುತ್ತಲೇ ಹೆಚ್ಚಿನ ಗುರುತು ಬೀಳುತ್ತವೆ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಮಾತು. ಇಳಿಸುವ ಕಾಲುಗಳು ಹಿಡಿದುಕೊಂಡಿರುವ ನಾಲ್ಕು ಮೂಲೆಗಂಬಗಳ ಮೇಲೆ ಇಡೀ ಪೆಟ್ಟಿಗೆಯ ಭಾರ ನಿಲ್ಲುತ್ತದೆ. ಆ ಕಂಬ ಲಡ್ಡಾಗಿದ್ದರೆ ಬೋಲ್ಟು ಮರವನ್ನು ಕಚ್ಚಿರುವುದಿಲ್ಲ, ತಗಡನ್ನು ಮಾತ್ರ ಹಿಡಿದಿರುತ್ತದೆ. ಪೆಟ್ಟಿಗೆ ಎತ್ತುವಾಗ ಬ್ರಾಕೆಟ್ ಪಕ್ಕದ ತಗಡು ಸುಕ್ಕಾದರೆ, ಬೋಲ್ಟಿನ ರಂಧ್ರ ಉದ್ದವಾದರೆ, ಅದನ್ನು ಆ ಕಾಲುಗಳ ಮೇಲೆ ಮತ್ತೆ ನಿಲ್ಲಿಸಬೇಡಿ, ಅಡಿಗೆ ಯಾರೂ ಹೋಗಬೇಡಿ. ರಿಪೇರಿಗೆ ಮೊದಲು ನೆಲದ ತೊಲೆಗಳ ಅಡಿಗೆ ಅಡ್ಡ ದಿಮ್ಮಿ ಕೊಟ್ಟು, ಗುಜ್ಜು (ಆಸರೆ ಕಂಬ) ಜೋಡಿಸಿ, ಭಾರವನ್ನು ಪೂರ್ತಿ ಅದರ ಮೇಲೆ ಇಳಿಸಿ. ಬರೀ ಜಂಬಿಟ್ಟಿಗೆ ಕಲ್ಲು ಪೇರಿಸಿ ನಿಲ್ಲಿಸಬೇಡಿ, ಒಡೆಯುತ್ತದೆ. ಕಲ್ಲಿನ ಮೇಲೆ ಹಲಗೆ ಹಾಸಬೇಕು. ಒಂದು ಸಲಕ್ಕೆ ಒಂದೇ ಮೂಲೆ ಬಿಚ್ಚಿ. ಬಿಚ್ಚುವ ಮೊದಲು ಹಿಂಬಾಗಿಲ ಚೌಕಟ್ಟಿನ ಎರಡೂ ಕರ್ಣ ಅಳೆದು ಬರೆದಿಡಿ. ಹೊಸ ಕಂಬ ಕೂರಿಸುವಾಗ ಅಳತೆ 3 ಮಿ.ಮೀ.ಗಿಂತ ಹೆಚ್ಚು ತಪ್ಪಿದರೆ ಮುಂದೆ ಬಾಗಿಲು ಕಚ್ಚುತ್ತದೆ.

ಸಣ್ಣ ಹಾನಿಯಾದರೆ ಒಳಗಿನಿಂದ ಬಿಚ್ಚುವುದು ಸುಲಭ: ಕಪಾಟು ತೆಗೆದು, ಒಳ ಪ್ಲೈಯನ್ನು ರೀಪಿನ ನಡುಮಧ್ಯಕ್ಕೆ ಬರುವ ಹಾಗೆ ಕೊಯ್ದು, ಹೊಸ ಪ್ಲೈಗೆ ಕೂರಲು ಅರ್ಧ ರೀಪು ಉಳಿಸಿ. ಗರಗಸದ ಆಳವನ್ನು ಪ್ಲೈ ದಪ್ಪಕ್ಕಷ್ಟೇ ಇಟ್ಟುಕೊಳ್ಳಿ, ಒಳಗೆ ವಯರು ಹಾದಿರುತ್ತದೆ. ಬ್ಯಾಟರಿ ಕಳಚಿಡಿ. ಮೂಲೆಗಂಬಕ್ಕೆ ಮಾತ್ರ ಹೊರಗಿನ ಪಟ್ಟಿ ತೆಗೆದು ತಗಡನ್ನು ಒಂದಡಿ ಹಿಂದಕ್ಕೆ ಸರಿಸಬೇಕಾಗುತ್ತದೆ. ತಗಡು ಒಮ್ಮೆ ಮಡಚಿದರೆ ಗೆರೆ ಹೋಗುವುದಿಲ್ಲ, ಅಗಲವಾದ ಕೊಳವೆಯ ಮೇಲೆ ಸುತ್ತಿದ ಹಾಗೆ ಬಗ್ಗಿಸಿ.

ಒಣಗಿಸುವುದಕ್ಕೆ ಎರಡರಿಂದ ಮೂರು ವಾರ ಹಿಡಿಯುತ್ತದೆ. ಅವಸರ ಬೇಡ. ಒದ್ದೆ ಥರ್ಮಾಕೋಲ್ ಕಿತ್ತು ಬಿಸಾಕಿ, ಬಾಗಿಲು ಕಿಟಕಿ ತೆರೆದು, ಎದುರು ಬದುರು ಎರಡು ಫ್ಯಾನ್ ಇಡಿ. ಅಡಿಕೆ ಒಣಗಿಸುವ ಅಂಗಳದ ಪಕ್ಕ ಬಿಸಿಲು ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೇಗ ಒಣಗಲಿ ಎಂದು ಪೆಟ್ಟಿಗೆ ಮುಚ್ಚಿ ಗ್ಯಾಸ್ ಒಲೆ ಹಚ್ಚುವವರಿದ್ದಾರೆ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಅದೇ ಮರಕ್ಕೆ ಹೋಗುತ್ತದೆ. ಮುಚ್ಚಿದ ಜಾಗದಲ್ಲಿ ವಿಷಗಾಳಿಯ ಅಪಾಯವೂ ಇದೆ. ಮೀಟರ್ 15ಕ್ಕೆ ಇಳಿಯುವವರೆಗೆ ಅಂಟು, ಬಣ್ಣ ಯಾವುದನ್ನೂ ಮುಟ್ಟಬೇಡಿ.

ಕೊಯ್ಯುವುದು ಎಲ್ಲಿಯವರೆಗೆ? ಕಣ್ಣಿಗೆ ಕಂಡ ಲಡ್ಡು ಮುಗಿದ ಮೇಲೂ ಮರದ ಎಳೆಯ ಗುಂಟ ಕನಿಷ್ಠ 150 ಮಿ.ಮೀ. ಮುಂದಕ್ಕೆ. ಶಿಲೀಂಧ್ರದ ಎಳೆಗಳು ಬಣ್ಣ ಬದಲಾಗದ ಮರದಲ್ಲೂ ಹರಡಿರುತ್ತವೆ. ಲಡ್ಡು ಮರಕ್ಕೆ ತೆಳು ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟು) ಕುಡಿಸಿ ಗಟ್ಟಿ ಮಾಡುವ ಉಪಾಯ ಕಿಟಕಿಯ ಅಲಂಕಾರ ಪಟ್ಟಿಗೆ ಸಾಕು. ಭಾರ ಹೊರುವ ಕಂಬಕ್ಕೆ, ತೊಲೆಗೆ ಅದು ಸಲ್ಲದು: ಮೇಲಿನ ಕೆಲವು ಮಿ.ಮೀ. ಮಾತ್ರ ಚಿಪ್ಪಾಗುತ್ತದೆ, ಅಡಿಯಲ್ಲಿ ಕೊಳೆಯುವುದು ಮುಂದುವರಿಯುತ್ತದೆ.

ಮರದ ಆಯ್ಕೆಯಲ್ಲಿ ನಮ್ಮ ಕಡೆಯವರಿಗೆ ಅನುಕೂಲವಿದೆ. ಸಾಗುವಾನಿಯ ಚೇಗು (ಒಳಗಿನ ಗಟ್ಟಿ ತಿರುಳು) ಎಲ್ಲಕ್ಕಿಂತ ಮೇಲು: ಕುಗ್ಗುವುದು ಹಿಗ್ಗುವುದು ಕಡಿಮೆ, ತೂಕ ಹಿಡಿತದಲ್ಲಿರುತ್ತದೆ. ಹೊರಗಿನ ಬಿಳಿ ಭಾಗ ಮಾತ್ರ ಬೇಡ, ಅದು ಸಾಗುವಾನಿಯದಾದರೂ ಬೇಗ ಕೊಳೆಯುತ್ತದೆ. ಹಲಸಿನ ಹಳದಿ ಚೇಗೂ ಚೆನ್ನಾಗಿ ಬಾಳುತ್ತದೆ. ಹೊನ್ನೆ ಗಟ್ಟಿ, ಆದರೆ ಭಾರ. ಪಿಕಪ್ ಹೊರುವ ತೂಕದಲ್ಲಿ ಪ್ರತಿ ಕಿಲೋ ಲೆಕ್ಕಕ್ಕೆ ಬರುವುದರಿಂದ ಕಾಲು ಕೂರುವ ಕಂಬಕ್ಕೆ ಮಾತ್ರ ಬಳಸಿ. ತೋಟದಲ್ಲಿ ಸುಲಭವಾಗಿ ಸಿಗುವ ಸಿಲ್ವರ್ ಓಕ್ ಕಪಾಟಿಗೆ ಸರಿ, ಚೌಕಟ್ಟಿಗೆ ಬೇಡ, ತೇವ ತಡೆಯುವುದಿಲ್ಲ. ಹಳೆ ಹೆಂಚಿನ ಮನೆ ಬಿಚ್ಚಿದಾಗ ಸಿಗುವ ರೀಪು, ಪಕಾಸಿಗಳು ದಶಕಗಳಿಂದ ಒಣಗಿ ಹದಗೊಂಡ ಮರ, ಅಂಥದ್ದು ಸಿಕ್ಕರೆ ಬಿಡಬೇಡಿ. ಕೀಸುವ ಮೊದಲು ಮುರಿದ ಮೊಳೆ ಉಳಿದಿದೆಯೇ ನೋಡಿ, ಒರಲೆ ತಿಂದ ಗುರುತಿದ್ದರೆ ಅಷ್ಟನ್ನು ಕತ್ತರಿಸಿ ಹಾಕಿ. ಕೊಂಡ ಮರಕ್ಕೆ ಬಿಲ್ ಇಟ್ಟುಕೊಳ್ಳಿ.

ಒಂದು ಹಿಂಮೂಲೆ ಪೂರ್ತಿ ಹೊಸದು ಮಾಡಲು ಅಂದಾಜು ಸಾಮಾನು: 50×40 ಮಿ.ಮೀ. ರೀಪು 12 ಅಡಿ, 4 ಮಿ.ಮೀ. ಮರೈನ್ ಪ್ಲೈ 8×4ರ ಒಂದು ಹಾಳೆ, ಎಪಾಕ್ಸಿ ಒಂದು ಕಿಲೋ, 20 ಮಿ.ಮೀ. ಅಗಲದ ಬ್ಯೂಟೈಲ್ ಟೇಪ್ (ಸಂದು ಮುಚ್ಚುವ ಮೆತ್ತನೆ ಅಂಟುಪಟ್ಟಿ) 10 ಮೀಟರ್, 4×40 ಮಿ.ಮೀ. ಸ್ಟೇನ್‌ಲೆಸ್ ಸ್ಕ್ರೂ ನೂರು. ಸ್ಟೇನ್‌ಲೆಸ್ ಅಂದರೆ 304 ದರ್ಜೆಯದೇ ಆಗಲಿ. ಕಪ್ಪು ಸ್ಕ್ರೂ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ.

ಹಳೆ ರೀಪಿಗೆ ಹೊಸ ತುಂಡು ಸೇರಿಸುವಾಗ ತುದಿಗೆ ತುದಿ ಇಟ್ಟು ಸ್ಕ್ರೂ ಹೊಡೆದರೆ ರಸ್ತೆಯ ಕುಲುಕಾಟಕ್ಕೆ ಸಡಿಲವಾಗುತ್ತದೆ. ಎರಡನ್ನೂ ಓರೆಯಾಗಿ ಕೊಯ್ದು ಒಂದರ ಮೇಲೊಂದು ಬೆಸೆಯಿರಿ. ಓರೆಯ ಉದ್ದ ಮರದ ದಪ್ಪದ ಎಂಟು ಪಟ್ಟು: 40 ಮಿ.ಮೀ. ರೀಪಿಗೆ 320 ಮಿ.ಮೀ. ಅಷ್ಟು ಜಾಗ ಸಿಗದಿದ್ದರೆ ಪಕ್ಕಕ್ಕೆ ಇನ್ನೊಂದು ರೀಪನ್ನು ಎರಡೂ ಕಡೆ ಒಂದೊಂದು ಅಡಿ ಆತುಕೊಳ್ಳುವಂತೆ ಅಂಟಿಸಿ ಸ್ಕ್ರೂ ಹಾಕಿ. ಸಾಗುವಾನಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಹಚ್ಚುವ ಮೊದಲು ಅಸಿಟೋನ್‌ನಿಂದ ಒರೆಸಿ, ಅದು ಆರಿದ ಕೂಡಲೇ ಅಂಟಿಸಿ. ತಡಮಾಡಿದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಕ್ಲಾಂಪನ್ನು ಅತಿ ಬಿಗಿ ಮಾಡಬೇಡಿ, ಎಪಾಕ್ಸಿಯೆಲ್ಲ ಹೊರಗೆ ಹಿಂಡಿ ಹೋಗಿ ಬೆಸುಗೆ ಒಣಕಲಾಗುತ್ತದೆ.

ಅಂಟಿಸುವ ಮೊದಲು ಉಳಿಸಿಕೊಂಡ ಹಳೆ ಮರಕ್ಕೂ ಹೊಸ ಮರಕ್ಕೂ ಬೋರಾನ್ ನೀರು ಕುಡಿಸಬೇಕು. ಒಂದು ಲೀಟರ್ ಬಿಸಿ ನೀರಿಗೆ 40 ಗ್ರಾಂ ಬೋರಿಕ್ ಆಸಿಡ್, 60 ಗ್ರಾಂ ಬೊರಾಕ್ಸ್. ಪೂರ್ತಿ ಕರಗುವವರೆಗೆ ಕಲಕಿ. ಒಂದು ಮೂಲೆಗೆ ಎರಡು ಲೀಟರ್ ಸಾಕು. ಅಡಿಕೆ ತೋಟಕ್ಕೆ ಹಾಕುವ ಬೊರಾಕ್ಸ್ ಗೊಬ್ಬರದಂಗಡಿಯಲ್ಲಿ ಸಿಗುತ್ತದೆ. ಮರದ ತುದಿಗಳಿಗೆ ಹೆಚ್ಚು ಕುಡಿಸಿ, ಒಂದು ಬಳಿತ ಹೀರಿಕೊಂಡ ಮೇಲೆ ಇನ್ನೊಂದು, ಒಟ್ಟು ಮೂರು. ಇದು ಶಿಲೀಂಧ್ರಕ್ಕೂ ಒರಲೆಗೂ ತಡೆ. ಆದರೆ ನೀರಿನಲ್ಲಿ ತೊಳೆದು ಹೋಗುತ್ತದೆ, ಹಾಗಾಗಿ ಮೇಲೆ ಎಪಾಕ್ಸಿ ಅಥವಾ ಬಣ್ಣದ ಮುಚ್ಚಿಗೆ ಬೇಕು. ಬಳಿದ ಮೇಲೆ ಪೂರ್ತಿ ಒಣಗಲು ಒಂದು ವಾರ ಕೊಡಿ. ಉಪ್ಪಿನ ಅಂಶದಿಂದಾಗಿ ಮೀಟರ್ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ, ಗಾಬರಿಯಾಗಬೇಡಿ. ಗ್ಲೌಸ್ ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಉಳಿದದ್ದನ್ನು ಗಿಡದ ಬುಡಕ್ಕೆ ಸುರಿಯಬೇಡಿ.

ಕೊಳೆ ಔಷಧಿಗೆ ತಂದ ಮೈಲುತುತ್ತ ಮನೆಯಲ್ಲಿದೆ ಎಂದು ಅದನ್ನು ಕರಗಿಸಿ ಬಳಿಯಬೇಡಿ. ತಾಮ್ರದ ಉಪ್ಪು ಅಲ್ಯೂಮಿನಿಯಂ ತಗಡನ್ನು ತಿಂದು ತೂತು ಮಾಡುತ್ತದೆ. ಕೊಟ್ಟಿಗೆಯ ಕಂಬಕ್ಕೆ ಹಚ್ಚುವ ಗೇರೆಣ್ಣೆಯೂ, ಸುಟ್ಟ ಎಂಜಿನ್ ಆಯಿಲ್ಲೂ ಇಲ್ಲಿ ಬೇಡ. ಅವು ಹಚ್ಚಿದ ಮರಕ್ಕೆ ಮುಂದೆ ಯಾವ ಅಂಟೂ ಕೂರುವುದಿಲ್ಲ, ಮಲಗುವ ಜಾಗದಲ್ಲಿ ವಾಸನೆಯೂ ತಡೆಯಲಾಗುವುದಿಲ್ಲ.

ಎಪಾಕ್ಸಿ ಕೆಲಸ ಬೆಳಿಗ್ಗೆ ಹತ್ತರ ನಂತರ. ಜನವರಿಯ ಇಬ್ಬನಿಯಲ್ಲಿ ಮರ, ತಗಡು ಎರಡೂ ತಣ್ಣಗಿದ್ದು ಮೇಲೆ ಕಾಣದ ಹನಿ ಕೂತಿರುತ್ತದೆ. ಡಬ್ಬಿಯ ಮೇಲೆ ಬರೆದ ಅನುಪಾತವನ್ನು ಅಡುಗೆಮನೆಯ ಅಂದಾಜಿನಲ್ಲಿ ಹಾಕದೆ ತೂಕದ ಯಂತ್ರದಲ್ಲೇ ಅಳೆಯಿರಿ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ಒಂದು ಸಲಕ್ಕೆ ನೂರು ಗ್ರಾಂಗಿಂತ ಹೆಚ್ಚು ಕಲಸಿದರೆ ಬಟ್ಟಲಲ್ಲೇ ಬಿಸಿಯೇರಿ ಹೊಗೆಯಾಡುತ್ತದೆ. ತೇವದ ಹವೆಯಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಪದರ ಕೂರುವುದುಂಟು, ಮುಂದಿನ ಕೋಟಿಗೆ ಮೊದಲು ನೀರು ಹಾಕಿ ಉಜ್ಜಿ ತೊಳೆದು ಒಣಗಿಸಬೇಕು.

ಪ್ಲೈ ಕೊಳ್ಳುವಾಗ ಐಎಸ್ 710 ಮುದ್ರೆ ನೋಡಿ. ಆ ದರ್ಜೆ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಅನುಮಾನವಿದ್ದರೆ ಸಣ್ಣ ತುಂಡನ್ನು ಹಳೆ ಡಬ್ಬಿಯಲ್ಲಿ ಹಾಕಿ ಬಚ್ಚಲೊಲೆಯ ಮೇಲೆ ಒಂದು ದಿನ ಕುದಿಸಿ, ತೇವವನ್ನಷ್ಟೇ ತಡೆಯುವ ಸಾಮಾನ್ಯ ಎಂಆರ್ ಪ್ಲೈ ಆಗಿದ್ದರೆ ಪದರ ಬಿಚ್ಚಿಕೊಳ್ಳುತ್ತದೆ. ಕೊಯ್ದ ಅಂಚಿಗೆಲ್ಲ, ಸ್ಕ್ರೂ ರಂಧ್ರದ ಒಳಗೂ ಎಪಾಕ್ಸಿ ಎರಡು ಕೋಟು. ರೀಪಿನ ಸಂದಿಗೆ ಥರ್ಮಾಕೋಲ್ ಬದಲು ಎಕ್ಸ್‌ಪಿಎಸ್ (ಗಟ್ಟಿ ಫೋಮ್) ಹಲಗೆ ಹಾಕಿ. ಸ್ಪ್ರೇ ಫೋಮ್ ತುಂಬಿದರೆ ಮುಂದಿನ ಸಲ ಸೋರಿದ ನೀರನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ, ಕೀಳುವುದೂ ಕಷ್ಟ.

ಹೊರಗಿನ ಪಟ್ಟಿ ಮತ್ತೆ ಕೂರಿಸುವಾಗ ಸಿಲಿಕೋನ್ ಬೇಡ. ಅದರ ತೆಳು ಪದರ ತಗಡಿನ ಮೇಲೆ ಉಳಿದರೆ ಹೊಸ ಸಿಲಿಕೋನ್ ಸಹ ಹಿಡಿಯುವುದಿಲ್ಲ. ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯೂ ಬೇಡ. ಘಾಟಿಯ ತಿರುವಿನಲ್ಲಿ ಪೆಟ್ಟಿಗೆ ಬಳುಕುತ್ತದೆ, ಪುಟ್ಟಿ ಬಳುಕದೆ ಬಿರಿಯುತ್ತದೆ. ಹಳೆಯದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಪೂರ್ತಿ ಹೆರೆದು, ಬ್ಯೂಟೈಲ್ ಟೇಪ್ ಎಳೆಯದೆ ಹಾಸಿ, ಪಟ್ಟಿ ಇಟ್ಟು ಸ್ಕ್ರೂಗಳನ್ನು ಹಗುರವಾಗಿ ಬಿಗಿ ಮಾಡಿ. ಮರುದಿನ ಮಧ್ಯಾಹ್ನದ ಬಿಸಿಲಿಗೆ ಟೇಪ್ ಮೆತ್ತಗಾದಾಗ ಇನ್ನೊಮ್ಮೆ ಬಿಗಿ ಮಾಡಿ, ಹೊರಗೆ ಬಂದದ್ದನ್ನು ಕತ್ತರಿಸಿ. ಪಟ್ಟಿಯ ಮೇಲಂಚಿಗೆ ಪಾಲಿಯುರೆಥೇನ್ ಸೀಲಂಟ್ ಒಂದು ಗೆರೆ ಎಳೆದು, ಕೆಳಅಂಚನ್ನು ಹಾಗೇ ಬಿಡಿ. ಅಕಸ್ಮಾತ್ ನೀರು ಹೊಕ್ಕರೆ ಹೊರಬರಲು ಅದೇ ದಾರಿ.

ಅಡಿಭಾಗಕ್ಕೂ ಇದೇ ನ್ಯಾಯ: ಡಾಂಬರು ಬಳಿಯುವುದಾದರೆ ಮರ ಒಣಗಿದ ಮೇಲೆ ಮಾತ್ರ, ತಗ್ಗಿನ ಮೂಲೆಗಳಲ್ಲಿ 8 ಮಿ.ಮೀ. ರಂಧ್ರ ಬಿಟ್ಟು. ಪಿಕಪ್ ತಟ್ಟೆಗೂ ಪೆಟ್ಟಿಗೆಗೂ ನಡುವೆ ಇಡೀ ರಬ್ಬರ್ ಹಾಸು ಹಾಕಿದರೆ ನೀರು ನಿಲ್ಲುತ್ತದೆ. ಉದ್ದಕ್ಕೆ ನಾಲ್ಕು ರಬ್ಬರ್ ಪಟ್ಟಿ ಇಟ್ಟರೆ ಹರಿದು ಹೋಗುತ್ತದೆ.

ಮಳೆಗಾಲದಲ್ಲಿ ಇಳಿಸಿಡುವುದಾದರೆ ಕಾಲಿನ ಅಡಿಗೆ ಕಲ್ಲು, ಅದರ ಮೇಲೆ ಕಬ್ಬಿಣದ ತಟ್ಟೆ. ವಾರಕ್ಕೊಮ್ಮೆ ಒರಲೆ ಮಣ್ಣಿನ ಗೆರೆ ಏರಿದೆಯೇ ನೋಡಿ. ಟಾರ್ಪಾಲನ್ನು ಪೆಟ್ಟಿಗೆಗೆ ಸುತ್ತಿ ಬಿಗಿಯಬೇಡಿ, ಮೇಲೆ ಚಪ್ಪರದಂತೆ ಕಟ್ಟಿ, ನಡುವೆ ಒಂದಡಿಯಾದರೂ ಗಾಳಿ ಆಡಲಿ. ಹಾಸಿಗೆಗಳನ್ನು ಮನೆಯೊಳಗೆ ತಂದಿಡಿ, ಕಪಾಟಿನ ಬಾಗಿಲು ತೆರೆದಿಡಿ, ಮಾಡಿನ ಕಿಂಡಿಯನ್ನು ಎರಡು ಬೆರಳಷ್ಟು ಎತ್ತಿಡಿ. ಪುಷ್ಯ ಮಳೆಯ ನಡುವೆ ಒಂದು ಹೊಳವು ಸಿಕ್ಕಾಗ ಒಳಗೆ ಹೋಗಿ ಪೆನ್ಸಿಲ್ ಗುರುತಿದ್ದ ಜಾಗಗಳಿಗೆ ಮತ್ತೆ ಮೀಟರ್ ಒತ್ತಿ, ಬಂದ ಅಂಕಿಯನ್ನು ತಾರೀಕಿನ ಜೊತೆ ಅಲ್ಲೇ ಪ್ಲೈ ಮೇಲೆ ಬರೆಯಿರಿ.