ಈಜಿದ್ದೆಲ್ಲ ಎಲ್ಲಿ ಹೋಯ್ತು?

ಮೊನ್ನೆ ಅಣ್ಣನ ಮಗಳು ಕಿರುಪರೀಕ್ಷೆಯ ಉತ್ತರಪತ್ರಿಕೆ ತಂದು ನನ್ನ ಮುಂದಿಟ್ಟಳು. ಒಂದು ಲೆಕ್ಕದ ಮೇಲೆ ಕೆಂಪು ಗೀಟು ಬಿದ್ದಿತ್ತು. 50 ಮೀಟರ್ ಉದ್ದದ ಕೊಳ. ಈಜುಗಾರ 25 ಸೆಕೆಂಡಿನಲ್ಲಿ ಆ ತುದಿ ಮುಟ್ಟಿ, 40 ಸೆಕೆಂಡಿನಲ್ಲಿ ಹೊರಟ ತುದಿಗೇ ವಾಪಸಾಗುತ್ತಾನೆ. ಸರಾಸರಿ ವೇಗ ಎಷ್ಟು? ಅವಳು 100ನ್ನು 65ರಿಂದ ಭಾಗಿಸಿ ಸೆಕೆಂಡಿಗೆ 1.54 ಮೀಟರ್ ಎಂದು ಬರೆದಿದ್ದಳು. ಮೇಷ್ಟ್ರು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸೊನ್ನೆ ಎಂದು ಬರೆದಿದ್ದರು.

“ಸೊನ್ನೆ ಅಂದ್ರೆ, ಈಜಿದ್ದೆಲ್ಲ ಎಲ್ಲಿ ಹೋಯ್ತು ಅತ್ತೆ?”

ಈ ವಾರವಿಡೀ ನನ್ನ ಕಿವಿಯಲ್ಲಿ ಅದೇ ಮಾತು. ಅಂಕ ಹೋಯಿತೆಂಬ ಅಳಲು ಅದರಲ್ಲಿ ಇರಲಿಲ್ಲ. ಒಬ್ಬ ಮನುಷ್ಯ ಏದುಸಿರು ಬಿಡುತ್ತಾ ನೂರು ಮೀಟರ್ ಈಜಿದ್ದಾನೆ, ಭೌತವಿಜ್ಞಾನ ಅದನ್ನು ಸೊನ್ನೆ ಅನ್ನುತ್ತಿದೆಯಲ್ಲ ಎಂಬ ಸಂಕಟವಿತ್ತು. ಪಕ್ಕದಲ್ಲೇ ಕೂತಿದ್ದ ಅಣ್ಣ, “ಸೂತ್ರದಲ್ಲಿ ಸ್ಥಾನಪಲ್ಲಟ ಅಂತಿದೆ, ನೀನು ದೂರ ಹಾಕಿದ್ದೀಯ. ಅಷ್ಟು ನೆನಪಿಟ್ಕೋ, ಸಾಕು” ಎಂದ. ಸ್ಥಾನಪಲ್ಲಟ ಎಂದರೆ ಹೊರಟ ಜಾಗದಿಂದ ತಲುಪಿದ ಜಾಗಕ್ಕಿರುವ ನೇರ ಅಂತರ, ದಿಕ್ಕಿನ ಸಮೇತ. ಹೊರಟಲ್ಲಿಗೇ ಮರಳಿದರೆ ಅದು ಸೊನ್ನೆ. ಅಣ್ಣ ಒಳ್ಳೆಯವನು, ಮಗಳಿಗಾಗಿ ಏನು ಬೇಕಾದರೂ ಮಾಡುತ್ತಾನೆ. ಆದರೆ ಆ ‘ಸಾಕು’ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಎಷ್ಟೋ ಪಠ್ಯಗಳೂ ಹೀಗೆಯೇ. ದೂರಕ್ಕೆ ದಿಕ್ಕಿಲ್ಲ, ಸ್ಥಾನಪಲ್ಲಟಕ್ಕೆ ದಿಕ್ಕಿದೆ ಎಂದು ಒಂದು ಪಟ್ಟಿ ಕೊಟ್ಟು ಮುಂದಕ್ಕೆ ಹೋಗಿಬಿಡುತ್ತವೆ. ಒಂದೇ ಓಡಾಟಕ್ಕೆ ಎರಡು ಅಳತೆ ಯಾಕೆ ಬೇಕಾಯಿತು ಎಂಬುದನ್ನು ಮಕ್ಕಳಿಗೆ ಹೇಳುವುದೇ ಇಲ್ಲ.

ನಾನು ಮೊದಲು ಇಬ್ಬರು ಕ್ರೀಡಾಪಟುಗಳ ಲೆಕ್ಕ ಕೊಟ್ಟೆ. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ನೇರ ದಾರಿ, ಒಂದೇ ದಿಕ್ಕು. ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಜವ, ಸ್ಥಾನಪಲ್ಲಟವನ್ನು ಭಾಗಿಸಿದರೆ ಸರಾಸರಿ ವೇಗ. ಇಲ್ಲಿ ಸರಾಸರಿ ಜವ, ಸರಾಸರಿ ವೇಗದ ಪ್ರಮಾಣ ಎರಡೂ ಸೆಕೆಂಡಿಗೆ 10.44 ಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ಯಾನ್ ಝಾನ್‌ಲೆ 100 ಮೀಟರ್ ಫ್ರೀಸ್ಟೈಲನ್ನು 46.40 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. 50 ಮೀಟರ್ ಕೊಳವಾದ್ದರಿಂದ ಹೊರಟ ಗೋಡೆಯನ್ನೇ ಬಂದು ಮುಟ್ಟಬೇಕು. ಸರಾಸರಿ ಜವ ಸೆಕೆಂಡಿಗೆ ಸುಮಾರು 2.16 ಮೀಟರ್, ಸರಾಸರಿ ವೇಗ ಸೊನ್ನೆ.

“ವಿಶ್ವದಾಖಲೆಗೂ ಸೊನ್ನೆನಾ!” ಎಂದಳು. ಮತ್ತೆ ಅದೇ: “ಹಾಗಾದ್ರೆ ಈಜಿದ್ದು ಎಲ್ಲಿ ಹೋಯ್ತು?”

ನೀರಿಗೆ ಹೋಯಿತು, ಎಂದೆ. ಅದು ಬಾಯಿಮಾತಿನ ಸಮಾಧಾನವಲ್ಲ, ನಿಜವಾದ ಉತ್ತರ. ಒಂದು ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ಎಸೆಯಿರಿ. ಗಾಳಿಯ ತಡೆ ಇಲ್ಲದಿದ್ದರೆ ಅದು ಅದೇ 20ರಲ್ಲಿ ಕೈಗೆ ಮರಳುತ್ತದೆ. ಏರುವಾಗ ಗುರುತ್ವ ಕಿತ್ತುಕೊಂಡಷ್ಟನ್ನೂ ಇಳಿಯುವಾಗ ಹಿಂದಿರುಗಿಸುತ್ತದೆ. ಅದು ನೋಡುವುದು ಎತ್ತರ ಎಷ್ಟು ಬದಲಾಯಿತು ಎಂಬುದನ್ನು ಮಾತ್ರ. ನಡುವೆ ಎಷ್ಟು ಸಲ ಹತ್ತಿಳಿದರೂ ಅದಕ್ಕೆ ಒಂದೇ. ನೀರಿನ ತಡೆ ಹಾಗಲ್ಲ. ಆ ಕಡೆ ಹೋಗುವಾಗಲೂ ಎದುರಾಗುತ್ತದೆ, ಈ ಕಡೆ ಬರುವಾಗಲೂ ಎದುರಾಗುತ್ತದೆ. ಈಜಿದ ದೂರವನ್ನೆಲ್ಲ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಈಜುಗಾರನ ತೋಳಿನ ಶ್ರಮ ಸುಳಿಗಳಾಗಿ, ಕೊನೆಗೆ ಕಾಣದಷ್ಟು ಅಲ್ಪ ಬಿಸಿಯಾಗಿ ಕೊಳದಲ್ಲಿ ಉಳಿಯುತ್ತದೆ. ನಿಸರ್ಗವೇ ಎರಡು ಖಾತೆ ಇಟ್ಟಿದೆ, ನಾವು ಬರೀ ಹೆಸರು ಕೊಟ್ಟೆವು. ಇದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ಆಮೇಲೆ ಕಾಲ ಮತ್ತು ವೇಗದ ಗ್ರಾಫ್ ಬರೆದೆವು. ಎರಡೂ ಕಡೆಗೆ ಈಜು ಏಕರೂಪವೆಂದು ಇಟ್ಟುಕೊಂಡು, ಮೊದಲ 25 ಸೆಕೆಂಡು ವೇಗ ಧನ 2, ನಂತರದ 40 ಸೆಕೆಂಡು ಋಣ 1.25. ಅಕ್ಷದ ಮೇಲೊಂದು ಆಯತ, ಕೆಳಗೊಂದು ಆಯತ. ಒಂದು 50, ಇನ್ನೊಂದು ಋಣ 50. ಇಂಥ ಚಿತ್ರದ ವಿಸ್ತೀರ್ಣವೇ ಕ್ರಮಿಸಿದ ದೂರ ಎಂಬುದನ್ನು ಫ್ರಾನ್ಸಿನ ನಿಕೋಲ್ ಒರೆಮ್ 14ನೇ ಶತಮಾನದಲ್ಲೇ ಕಂಡಿದ್ದ. ನಾನು ಇದನ್ನು ಹೇಳುತ್ತಿರುವಾಗಲೇ ಹುಡುಗಿ ಹಾಳೆಯನ್ನು ಕಾಲದ ಅಕ್ಷದ ಗುಂಟ ಮಡಚಿ, ಕೆಳಗಿನ ಆಯತವನ್ನು ಮೇಲಕ್ಕೆ ತಂದಳು. “ಹೀಗೆ ಮಡಚಿದ್ರೆ ದೂರ, ಬಿಚ್ಚಿದ್ರೆ ಸ್ಥಾನಪಲ್ಲಟ!” ನಾನು ಹೇಳಿಕೊಟ್ಟದ್ದಲ್ಲ ಅದು. ಅಣ್ಣನೂ ಬಗ್ಗಿ ನೋಡಿದ.

ಅಲ್ಲಿಗೂ ನಿಲ್ಲಲಿಲ್ಲ. 25ನೇ ಸೆಕೆಂಡಿನಲ್ಲಿ ಗೆರೆ ಮೇಲಿನಿಂದ ಕೆಳಕ್ಕೆ ಒಮ್ಮೆಲೇ ಹಾರುವುದನ್ನು ಬೆರಳಿಟ್ಟು ತೋರಿಸಿದಳು. “ನಿಜವಾಗಿ ಹೀಗೆ ಹಾರೋಕೆ ಆಗಲ್ವಲ್ಲ? ಗೋಡೆ ಹತ್ರ ಒಂದು ಗಳಿಗೆ ಸೊನ್ನೆ ಆಗ್ಲೇಬೇಕು. ಅದೂ ಇದೇ ಸೊನ್ನೆನಾ?” ಅಲ್ಲ, ಇದು 65 ಸೆಕೆಂಡಿನ ಸರಾಸರಿ, ಅದು ಆ ಒಂದು ಕ್ಷಣದ ವೇಗ. ಆ ಕ್ಷಣದಲ್ಲಿ ಅವನ ಪಾದಗಳು ಗೋಡೆಯನ್ನು ಒತ್ತುತ್ತಲೇ ಇರುತ್ತವೆ, ಗೋಡೆ ಅವನನ್ನು ತಿರುಗಿ ತಳ್ಳುತ್ತಲೇ ಇರುತ್ತದೆ. ವೇಗ ಸೊನ್ನೆ, ಆದರೆ ವೇಗದ ಬದಲಾವಣೆ ಸೊನ್ನೆಯಲ್ಲ. ವೇಗ ಬದಲಾಗುವ ದರಕ್ಕೆ ವೇಗೋತ್ಕರ್ಷ ಎಂದು ಹೆಸರು. ಅದರ ಪಾಠ ಅವಳ ತರಗತಿಯಲ್ಲಿ ಇನ್ನೂ ಶುರುವಾಗಿಲ್ಲ. ಅವಳು ಆಗಲೇ ಅಲ್ಲಿಗೆ ತಲುಪಿದ್ದಾಳೆ.