ಬಿದ್ದಿದ್ದು ಮಾರನೇ ದಿನ

ಮಂಗಳವಾರ ಅಪ್ಪಯ್ಯನ್ನ ಕರ್ಕೊಂಡು ಶಿವಮೊಗ್ಗಕ್ಕೆ ಹೋಗಿ ಬಂದಾಗಿಂದ ಅವರಾಡಿದ ಒಂದು ಮಾತು ತಲೇಲೇ ಸುತ್ತುತಾ ಇದೆ. ರಾತ್ರಿ ಎಚ್ಚರಾದ್ರೂ ಅದೇ, ಬೆಳಿಗ್ಗೆ ತೋಟಕ್ಕೆ ಇಳಿದ್ರೂ ಅದೇ. ಬರೆದ್ರಾದ್ರೂ ಸ್ವಲ್ಪ ಹಗುರಾಗುತ್ತೇನೋ ಅಂತ ಕೂತಿದೀನಿ.

ಹೋಗಿದ್ದು ಕೋವಿ ಅಂಗಡಿಗೆ. ಅಜ್ಜಯ್ಯನ ರೈಫಲ್ ಕೊಟ್ಟು ಬೇರೆ ತಗೊಳ್ಳೋಣ್ವಾ ಅಂತ ವಿಚಾರಿಸೋಕೆ. ಅಪ್ಪಯ್ಯಂಗೆ ಈಗ 73. ಲೈಸನ್ಸ್ ಇನ್ನೂ ಅವರ ಹೆಸರಲ್ಲೇ ಇದೆ, 2016ರ ಆರ್ಮ್ಸ್ ರೂಲ್ಸ್ ಪ್ರಕಾರ 70 ದಾಟಿದೋರು ತಾವು ಇರೋವಾಗಲೇ ಮಕ್ಕಳ ಹೆಸರಿಗೆ ಮಾಡಿಸ್ಕೊಡಬಹುದು, ಸರಿ ಆ ಕೆಲಸ ಮುಗಿಸಿಬಿಡೋಣ ಅಂತ ಹೊರಟಾಗ ಈ ಪ್ರಶ್ನೆ ಎದ್ದಿದ್ದು. ನಮ್ಮನೇಲಿ ಇರೋದು ಎರಡು. ಒಂದು ಕೇಪಿನ ಕೋವಿ, ಲೈಸನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ ಅಂತ ಬರೆದಿರ್ತಾರಲ್ಲ ಅದು, ನಳಿಗೆ ಬಾಯಿಂದ ಮದ್ದು ತುಂಬಿ ಗಜದಲ್ಲಿ ಜಡಿದು ಹೊಡೆಯೋದು. ಇನ್ನೊಂದು ಈ .315 ರೈಫಲ್, ಬಂಗಾಳದ ಇಶಾಪುರ ಫ್ಯಾಕ್ಟರಿದು, ಅಜ್ಜಯ್ಯ 64ರಲ್ಲಿ ತಗೊಂಡಿದ್ದು. ಆರ್ಮ್ಸ್ ಆಕ್ಟಿಗೆ 2019ರ ತಿದ್ದುಪಡಿ ಬಂದ್ಮೇಲೆ ಒಬ್ಬರ ಹೆಸರಲ್ಲಿ ಮೂರು ಇಟ್ಕೊಳ್ಳೋದು ಹೋಯ್ತು, ಎರಡೇ. ಹಂಗಾಗಿ ಹೊಸದು ಬರಬೇಕಂದ್ರೆ ಹಳೇದೊಂದು ಹೋಗಲೇಬೇಕು.

ನಂಗೆ ಬೇಕಾಗಿರೋದು ಹನ್ನೆರಡು ಬೋರಿನ (ಬೋರು ಅಂದ್ರೆ ನಳಿಗೆ ಒಳಗಿನ ಅಳತೆ) ಜೋಡುನಳಿಗೆ ಕೋವಿ, ತೋಟಾ ಅಂದ್ರೆ ಕಾರ್ಟ್ರಿಜ್ ಹಾಕಿ ಹೊಡೆಯೋದು. ಕಾರಣ ಇಷ್ಟೇ, ಹೋದ ವರ್ಷ ಹಾಕಿದ ಅಡಿಕೆ ಸಸಿ, ಬಾಳೆ ಎಲ್ಲಾ ಹಂದಿ ಉತ್ತು ಹಾಕಿವೆ. ಮಳೆಗಾಲದಲ್ಲಿ ಕೇಪಿನ ಕೋವಿ ನಂಬೋಕಾಗಲ್ಲ, ಮದ್ದು ತೇವ ಹಿಡಿದ್ರೆ ಬರೀ ಟಿಕ್ ಅನ್ನುತ್ತೆ, ಹಂದಿ ಓಡೋದಿರ್ಲಿ ತಲೇನೂ ಎತ್ತಲ್ಲ. ರೈಫಲ್ ಅಂತೂ ನಮ್ಮ ಜಾಗದಲ್ಲಿ ಹೊಡೆಯೋ ವಸ್ತುನೇ ಅಲ್ಲ. ಜೋಡುನಳಿಗೆಯಿಂದ ಹಾರೋ ಚರೆ, ಅಂದ್ರೆ ಸಣ್ಣ ಗುಂಡುಗಳು, ಆದ್ರೆ ಇನ್ನೂರು ಮುನ್ನೂರು ಮೀಟರಲ್ಲಿ ಸುಸ್ತಾಗಿ ಬಿದ್ದುಹೋಗುತ್ತೆ, ರೈಫಲ್ ಗುಂಡು ಹಂಗಲ್ಲ, ತಪ್ಪಿದ್ರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತೆ. ಅಜ್ಜಯ್ಯನ ಕಾಲದಲ್ಲಿ ತೋಟದ ಕೆಳಗೆ ಬರೀ ಕಾಡಿತ್ತು, ಈಗ ಅಲ್ಲಿ ಹನ್ನೆರಡು ಮನೆ ಇದಾವೆ, ಮಕ್ಕಳು ಬೆಳಗಾದ್ರೆ ಆ ದಾರೀಲೇ ಬಸ್ಸಿಗೆ ಹೋಗ್ತವೆ. ಹಂದಿ ಅಂತ ಮನುಷ್ಯರಿಗೆ ಈಡು ಬಿದ್ದ ಸುದ್ದಿ ಮಲೆನಾಡಲ್ಲಿ ಕೇಳದೋರು ಯಾರಿದಾರೆ. ನಂಗೆ ಬೇಕಾಗಿರೋದು ಸದ್ದು, ಗಾಳೀಲಿ ಎರಡು ಈಡು, ಅಷ್ಟೇ.

ಚಿಕ್ಕಪ್ಪನ ಮಗನಿಗೆ ಈ ರೈಫಲ್ ಮೇಲೆ ಬಹಳ ದಿನದಿಂದ ಕಣ್ಣು. "ಮಾರೋದಾದ್ರೆ ನಂಗೇ ಕೊಡು, ಮನೆತನದ್ದು" ಅಂತಾನೆ. ಅವನಿಗೆ ತೋಟವೂ ಇಲ್ಲ ಹಂದಿ ಕಾಟವೂ ಇಲ್ಲ, ಬೆಂಗಳೂರಲ್ಲಿದಾನೆ, ಬಂದಾಗೆಲ್ಲ ಹೆಗಲಿಗೆ ಹಾಕ್ಕೊಂಡು ಫೋಟೋ ತೆಗೆಸ್ಕೊಳ್ತಾನೆ. ಕೋವಿಯನ್ನ ಮೀಸೆ ಥರ ಇಟ್ಕೊಳ್ಳೋರ ಕೈಗೆ ಕೋವಿ ಕೊಡಬಾರದು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ, ಅವನು ಇದನ್ನ ಓದಿದ್ರೂ ಪರವಾಗಿಲ್ಲ.

ಅಂಗಡಿಯ ಯಜಮಾನ್ರಿಗೂ ಅಪ್ಪಯ್ಯನಷ್ಟೇ ವಯಸ್ಸು. ರೈಫಲ್ ತಗೊಂಡೋರು ಬೋಲ್ಟ್ ತೆಗೆದ್ರು, ಬಾಗಿಲ ಬೆಳಕಿಗೆ ಹಿಡಿದು ನಳಿಗೆ ಒಳಗೆ ಒಂದು ಕಣ್ಣಲ್ಲಿ ಬಹಳ ಹೊತ್ತು ನೋಡಿದ್ರು. "ಅರವತ್ತು ವರ್ಷದ್ದಲ್ಲ ಅನ್ಸುತ್ತೆ. ಯಾರು ನೋಡ್ಕೊಂಡಿದ್ದು?" ಅಂದ್ರು. ಅಪ್ಪಯ್ಯ ಮಾತಾಡ್ಲಿಲ್ಲ, ನಾನೇ ಹೇಳಿದೆ, ಇವರೇ ಅಂತ. 2024ರ ಲೋಕಸಭೆ ಚುನಾವಣೆಗೆ ಎಲ್ಲರ ಥರ ನಾವೂ ಕೋವಿ ಪೊಲೀಸ್ ಸ್ಟೇಷನ್ನಲ್ಲಿ ಇಟ್ಟು, ಜೂನಲ್ಲಿ ಮಳೆ ಹಿಡಿದ್ಮೇಲೆ ವಾಪಸ್ ತಂದಾಗ ಅಲ್ಲಲ್ಲಿ ತುಕ್ಕು ಕೂತಿತ್ತು, ಅಪ್ಪಯ್ಯ ನಾಲ್ಕು ದಿನ ಜಗಲೀಲಿ ಕೂತು ಹೊಲಿಗೆ ಮೆಷಿನ್ ಎಣ್ಣೆ ಹಾಕಿ ಒರೆಸಿದ್ರು, ಅದನ್ನೂ ಹೇಳಿದೆ.

ಆಮೇಲೆ ಅವರಿಬ್ಬರೂ ಹಳೇ ಕಾಲದ ಮಾತಿಗೆ ಬಿದ್ರು. ಬ್ರಿಟಿಷರು ಸೈನ್ಯದ .303 ತೋಟಾ ಜನರ ಕೈಗೆ ಸಿಗಬಾರದು ಅಂತ ಆ ಬೋರನ್ನೇ ನಿಷೇಧ ಮಾಡಿದ್ರಂತೆ, ಅದಕ್ಕೇ ನಮ್ಮಲ್ಲಿ .315 ಬಳಕೆಗೆ ಬಂದಿದ್ದಂತೆ. ಇವತ್ತಿಗೂ .303 ನಿಷೇಧಿತ ಬೋರೇ. ಮಾತಾಡ್ತಾ ಯಜಮಾನ್ರು ಕೇಳಿದ್ರು.

"ಗೌಡ್ರೇ, ಇದರಲ್ಲಿ ಕೊನೇ ಈಡು ಯಾವಾಗ?"

"ಎಪ್ಪತ್ತೊಂದು."

"ಎಂತಕ್ಕೆ?"

"ಕಾಟಿಗೆ." ನಮ್ಮ ಕಡೆ ಕಾಟಿ ಅಂದ್ರೆ ಕಾಡುಕೋಣ.

"ಕಾಟಿಗಾ! ಈ ಬೋರು ಜಿಂಕೆಗೆ, ಹಂದಿಗೆ ಆದೀತು, ಕಾಟಿಗೆಲ್ಲಿ ಸಾಲುತ್ತೆ. ಬಿತ್ತಾ?"

ಅಪ್ಪಯ್ಯ ಗಾಜಿನ ಮೇಜಿನ ಮೇಲೆ ಕೈಯಿಟ್ಕೊಂಡು ರೈಫಲ್ ನೋಡ್ತಾ ಹೇಳಿದ್ರು. "ಬಿದ್ದಿದ್ದು ಮಾರನೇ ದಿನ."

ಅಷ್ಟೇ. ಯಜಮಾನ್ರು ಹೂಂ ಅಂದು ಬೋಲ್ಟ್ ಹಾಕಿದ್ರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ.

ಯಾಕಂದ್ರೆ ಆ ಕಾಟಿ ಕಥೆ ನಮ್ಮನೇಲಿ ಎಲ್ಲರಿಗೂ ಬಾಯಿಪಾಠ. ಜಗಲಿ ಗೋಡೆ ಮೇಲೆ ಅದರ ಕೊಂಬು ಇತ್ತು, ನಾನು ಹೈಸ್ಕೂಲಲ್ಲಿದ್ದಾಗ ಅಪ್ಪಯ್ಯನೇ ತೆಗೆದ್ರು, ಯಾಕೆ ಅಂತ ಆಗ ಕೇಳಿರ್ಲಿಲ್ಲ. ಅಜ್ಜಯ್ಯ ಹೇಳ್ತಿದ್ದಿದ್ದು ಹೀಗೆ, ಬೆಳದಿಂಗಳ ರಾತ್ರಿ, ಗದ್ದೆಗೆ ಇಳಿದಿತ್ತು, ಒಂದೇ ಈಡು, ಗುಡ್ಡ ಕುಸಿದಂಗೆ ಕುಸಿದುಬಿಡ್ತು. ಬಂದ ನೆಂಟರಿಗೆಲ್ಲ ಹೇಳೋರು, ಹೇಳೋವಾಗ ಕೈಯಲ್ಲಿ ಗುಡ್ಡ ಕುಸಿಯೋದನ್ನ ತೋರಿಸೋರು. ನಾನೂ ಶಾಲೇಲಿ ಎಷ್ಟು ಸಲ ಹೇಳಿದೀನೋ. ಅಪ್ಪಯ್ಯ ಪ್ರತಿ ಸಲ ಅಲ್ಲೇ ಕೂತಿರ್ತಿದ್ರು, ಒಂದು ದಿನವೂ ಬಾಯಿ ಬಿಟ್ಟಿರ್ಲಿಲ್ಲ.

ವಾಪಸ್ ಬರೋವಾಗ ಮಂಡಗದ್ದೆ ದಾಟಿದ್ಮೇಲೆ ಕೇಳೇಬಿಟ್ಟೆ. ಅಪ್ಪಯ್ಯ ಕಿಟಕಿ ಕಡೆ ಮುಖ ಮಾಡ್ಕೊಂಡೇ ಹೇಳಿದ್ರು. ಈಡು ತಗುಲಿದ ಸದ್ದು ಕೇಳಿತ್ತು, ಆದ್ರೆ ಪ್ರಾಣಿ ನಡ್ಕೊಂಡು ಕಾಡಿಗೆ ಹೋಯ್ತು. ಬೆಳಿಗ್ಗೆ ಅಜ್ಜಯ್ಯಂಗೆ ಯಾವುದೋ ಪಂಚಾಯ್ತಿಕೆ, ಮಗನ ಕೈಗೆ ರೈಫಲ್ ಕೊಟ್ಟು "ಹೋಗಿ ನೋಡ್ಕೊಂಡು ಬಾ" ಅಂದ್ರಂತೆ. ಅಪ್ಪಯ್ಯಂಗೆ ಆಗ ಹತ್ತೊಂಬತ್ತು. ಜೊತೆಗೆ ತೋಟದ ಕೆಲಸದ ಹಿರಿಯನೊಬ್ಬ. ಎಲೆ ಮೇಲಿನ ರಕ್ತ ನೋಡ್ಕೊಂಡು ಮಧ್ಯಾಹ್ನದವರೆಗೂ ನಡೆದ್ರಂತೆ. ಹಳ್ಳದ ಹತ್ತಿರ ಮುಂಗಾಲು ಮಡಚಿ ಕೂತಿತ್ತು, ಜೀವ ಇತ್ತು, ಇವರನ್ನ ನೋಡಿ ಏಳೋಕೆ ನೋಡ್ತು, ಆಗಲಿಲ್ಲ. "ಒಂದು ಟನ್ ಹತ್ತಿರ ತೂಗೋ ಪ್ರಾಣಿ. ಉಸಿರು ಬಿಡೋದು ಅಷ್ಟು ದೂರಕ್ಕೆ ಕೇಳ್ತಿತ್ತು" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಎರಡನೇದು ನಾನೇ ಹೊಡೆದೆ."

ಕಾಡುಪ್ರಾಣಿ ಕಾಯ್ದೆ ಬಂದಿದ್ದು ಮಾರನೇ ವರ್ಷ, 72ರಲ್ಲಿ. ನಾವೆಲ್ಲ ಅಂದ್ಕೊಂಡಿದ್ದು ಕಾಯ್ದೆ ಬಂದಿದ್ದಕ್ಕೆ ಆ ರೈಫಲ್ ಸುಮ್ಮನಾಯ್ತು ಅಂತ.

ನಂಗೆ ಅಜ್ಜಯ್ಯನ ಮೇಲೆ ಸಿಟ್ಟು ಬಂತು, ಈಗಲೂ ಇದೆ. ಹೊಡೆದಿದ್ದಕ್ಕಲ್ಲ, ಆ ಕಾಲದಲ್ಲಿ ಗದ್ದೆ ಉಳಿಸ್ಕೊಳ್ಳೋಕೆ ಎಲ್ಲರೂ ಹೊಡೀತಿದ್ರು. ಗಾಯ ಮಾಡಿದೋನೇ ಹೋಗಿ ಹುಡುಕಬೇಕು ಅನ್ನೋದು ಶಿಕಾರಿಯವರದ್ದೇ ಕಟ್ಟಳೆ, ಅದನ್ನ ಹತ್ತೊಂಬತ್ತು ವರ್ಷದ ಮಗನ ಹೆಗಲಿಗೆ ಹಾಕಿ, ಆಮೇಲೆ ಅವನ ಎದುರಿಗೇ ಇಪ್ಪತ್ತು ವರ್ಷ "ಒಂದೇ ಈಡು" ಅಂತ ಹೇಳ್ಕೊಂಡು ಬಂದ್ರಲ್ಲ, ಅದಕ್ಕೆ. ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಬೆಳೆಸಿದ ಮನುಷ್ಯ ಅವರು, ಅವರ ಬಗ್ಗೆ ಹೀಗೆ ಬರೆಯೋದು ಕಷ್ಟ ಆಗ್ತಿದೆ, ಆದ್ರೂ ಬರೀತೀನಿ. ನಮ್ಮ ಕಡೆ ಶಿಕಾರಿ ಕಥೆಗಳೆಲ್ಲ ಈಡಿನ ಸದ್ದಿಗೆ ಮುಗಿದುಹೋಗ್ತವೆ. ರಕ್ತದ ದಾರಿ ಹಿಡಿದು ಹೋದೋರು ಕಥೆ ಹೇಳೋಕೆ ಕೂರಲ್ಲ, ಅವರು ಕಂಬಕ್ಕೆ ಒರಗಿ ಕೇಳ್ತಾ ಇರ್ತಾರೆ. ಆ ತೋಟದ ಕೆಲಸದ ಹಿರಿಯನ ಹೆಸರು ಈ ಕಥೇಲಿ ಒಂದು ಸಲವೂ ಬಂದಿದ್ದಿಲ್ಲ, ಮೊನ್ನೆ ಕಾರಲ್ಲೇ ಮೊದಲ ಸಲ ಕೇಳಿದ್ದು. ಅವನೇ ಹೇಳಿದ್ನಂತೆ, "ಅಯ್ಯಾ, ಬೇಗ ಹೊಡೀರಿ, ನೋವು ತಿಂತಿದೆ" ಅಂತ.

ಮಂಗಳವಾರ ಬೆಳಿಗ್ಗೆ ಈ ರೈಫಲ್ ಕೊಡೋದು ಸುಲಭದ ಲೆಕ್ಕ ಆಗಿತ್ತು. ಉಪಯೋಗ ಇಲ್ಲ, ಅಪಾಯ ಇದೆ, ಎರಡಕ್ಕಿಂತ ಜಾಸ್ತಿ ಇಡೋ ಹಂಗಿಲ್ಲ. ಅಂಗಡಿಯೋರು ಹೇಳಿದ ರೇಟು ಹೊಸ ಜೋಡುನಳಿಗೆಯ ಬೆಲೆಯ ಮೂರನೇ ಒಂದು ಭಾಗವೂ ಇಲ್ಲ, ಅದೂ ತಲೆನೋವಲ್ಲ. ಈಗ ಲೆಕ್ಕ ತೊಡಕಾಗಿದೆ. ಕೊಟ್ರೆ ಅಪ್ಪಯ್ಯನ ಭಾರ ಇಳಿಯುತ್ತಾ, ಅಥವಾ ಐವತ್ತು ವರ್ಷ ಎಣ್ಣೆ ಹಚ್ಚಿ ನೋಡ್ಕೊಂಡಿದ್ದನ್ನ ಕಿತ್ಕೊಂಡಂಗಾಗುತ್ತಾ. ಅಂಗಡೀಲಿದ್ದ ಹುಡುಗ .22 ತಗೊಳ್ಳಿ ಸರ್, ಮಂಗಕ್ಕೆ ಚೆನ್ನಾಗಿರುತ್ತೆ ಅಂದ. ಮಂಗ ಹೊಡೆಯೋದು ಕಾನೂನು ಪ್ರಕಾರ ತಪ್ಪು ಅನ್ನೋದು ಕೋವಿ ಮಾರೋನಿಗೆ ಗೊತ್ತಿರಬೇಡ್ವಾ. ಅವತ್ತು ಆ ಮಾತು ಕೇಳಿ ಅಪ್ಪಯ್ಯ ಅಂಗಡಿಯಿಂದ ಹೊರಗೆ ಹೋಗಿ ನಿಂತ್ಕೊಂಡಿದ್ರು.

ನಿನ್ನೆ ಊಟ ಆದ್ಮೇಲೆ ನೇರವಾಗಿ ಕೇಳಿದೆ, ಇಟ್ಕೊಳ್ಳೋಣ್ವಾ ಅಪ್ಪಯ್ಯಾ ಅಂತ. "ನಿನ್ನ ಹೆಸರಿಗೆ ಬರೋದು, ನೀನೇ ಹೇಳು" ಅಂದ್ರು. ಕೊಡೋಣ ಅಂದೆ. ತಲೆ ಆಡಿಸಿದ್ರು. ಸೋಮವಾರ ಡಿಸಿ ಆಫೀಸಿಗೆ ಹೆಸರು ಬದಲಿಸೋದಕ್ಕೂ ರೈಫಲ್ ಕೊಡೋದಕ್ಕೂ ಎರಡೂ ಅರ್ಜಿ ಒಟ್ಟಿಗೇ ಹಾಕ್ತೀವಿ, ಪರ್ಮಿಷನ್ ಬಂದ್ಮೇಲೆ ರೈಫಲ್ ಅಂಗಡಿಗೆ ಹೋಗುತ್ತೆ, ಚಿಕ್ಕಪ್ಪನ ಮಗನಿಗಲ್ಲ.

ಇವತ್ತು ಸಂಜೆ ನೋಡ್ತೀನಿ, ಅಪ್ಪಯ್ಯ ಜಗಲೀಲಿ ಗೋಣಿ ಹಾಸ್ಕೊಂಡು ರೈಫಲ್ ಬಿಚ್ಚಿಟ್ಕೊಂಡು ಕೂತಿದಾರೆ, ಪಕ್ಕದಲ್ಲಿ ಎಣ್ಣೆ ಬಾಟ್ಲಿ, ಹಳೇ ಪಂಚೆ ಚೂರು. ಕೊಡೋದಕ್ಕೆ ಇನ್ಯಾಕೆ ಅಪ್ಪಯ್ಯಾ ಅಂದೆ.

"ತಗೊಳ್ಳೋನು ಒಳಗೆ ನೋಡ್ತಾನಲ್ಲ" ಅಂದ್ರು.