ನೊಣದ ಕಣ್ಣಲ್ಲಿ ಕೊಬ್ಬು ಹೊರೋರು

ಅಕ್ಕನ ಮಗ ಈಗ ಫಸ್ಟ್ ಪಿಯು ಸೈನ್ಸು. ಮೊನ್ನೆ ಊಟಕ್ಕೆ ಕೂತಾಗ ಕೇಳ್ದ, "ಮಾಮ, ಜೀವಕೋಶದ ಪೊರೆ ಎಲ್ಲಾ ಲಿಪಿಡ್ಡು, ಅಂದ್ರೆ ಕೊಬ್ಬಿನ ತರದ್ದು ಅಂತಾರೆ, ಒಳಗೆ ನೋಡಿದ್ರೆ ಬರೀ ನೀರು, ಹಂಗಾದ್ರೆ ಇಆರ್‌ನಲ್ಲಿ (ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್, ಜೀವಕೋಶದ ಒಳಗಿರೋ ಪೊರೆಗಳ ಜಾಲ) ತಯಾರಾದ ಲಿಪಿಡ್ ಹೊರಗಿನ ಪೊರೆವರೆಗೂ ಹೋಗೋದು ಹೆಂಗೆ?" ನನ್ನ ತಟ್ಟೇಲಿ ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲ್ತಾ ಇತ್ತು. ವೆಸಿಕಲ್ ಅಂತ ಸಣ್ಣ ಗುಳ್ಳೆಗಳಿರ್ತವೆ ಕಣೋ, ಅದ್ರಲ್ಲಿ ಹೋಗುತ್ತೆ ಅಂದುಬಿಟ್ಟೆ. ಅದು ಅರ್ಧ ಉತ್ತರ ಅಷ್ಟೇ. ಮಲಗಿದ್ಮೇಲೂ ತಲೆ ಕೊರೀತಾ ಇತ್ತು.

ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡೋ ಮೈಟೊಕಾಂಡ್ರಿಯಾನೇ ತಗೊಳ್ಳಿ, ಈ ಗುಳ್ಳೆಗಳ ಮಾಮೂಲಿ ರೂಟು ಅಲ್ಲಿಗೆ ಹೋಗೋದೇ ಇಲ್ಲ, ಆದ್ರೂ ಅದರ ಪೊರೆಗೆ ಬೇಕಾದ ಲಿಪಿಡ್ ಬಹಳಷ್ಟು ಇಆರ್‌ನಿಂದಾನೇ ಬರ್ಬೇಕು. 1968ರಲ್ಲೇ ವಿರ್ಟ್ಸ್ ಮತ್ತೆ ಜಿಲ್ವರ್‌ಸ್ಮಿಟ್ ಅನ್ನೋರು ಲಿವರ್‌ನಿಂದ ತೆಗೆದ ಮೈಟೊಕಾಂಡ್ರಿಯಾ, ಮೈಕ್ರೊಸೋಮ್ (ಇಆರ್ ಒಡೆದಾಗ ಸಿಗೋ ತುಣುಕುಗಳು) ಎರಡನ್ನೂ ಟ್ಯೂಬಲ್ಲಿ ಒಟ್ಟಿಗೆ ಇಟ್ಟು ಫಾಸ್ಫೊಲಿಪಿಡ್ ಅನ್ನೋ ಪೊರೆಯ ಲಿಪಿಡ್ ಅದಲು ಬದಲಾಗೋದನ್ನ ತೋರ್ಸಿದ್ರು. ಆಮೇಲೆ ಗೊತ್ತಾಗಿದ್ದು ಏನಪ್ಪಾ ಅಂದ್ರೆ ಇದನ್ನ ಹೊರೋಕೆ ಅಂತಾನೇ ಪ್ರೋಟೀನ್‌ಗಳಿವೆ, ಒಳಗೊಂದು ಪೊಟರೆ, ಅದ್ರಲ್ಲಿ ಒಂದು ಸಲಕ್ಕೆ ಒಂದೇ ಒಂದು ಲಿಪಿಡ್, ನೀರು ತಾಗದ ಹಾಗೆ ಬಚ್ಚಿಟ್ಕೊಂಡು ಆ ಕಡೆ ಪೊರೆಗೆ ಸೇರಿಸೋದು.

ನಂಗೆ ತುಂಬಾ ಇಷ್ಟವಾದ ಉದಾಹರಣೆ ಡ್ರೊಸೊಫಿಲದ್ದು, ಅದೇ ಬಾಳೆಹಣ್ಣಿಗೆ ಮುತ್ತೋ ಪುಟಾಣಿ ನೊಣ. ಅದರ ಕಣ್ಣಿಗೆ ಬೆಳಕು ಬಿದ್ದಾಗ ಪಿಎಲ್‌ಸಿ ಅನ್ನೋ ಎನ್‌ಜೈಮ್ ಹೊರಪೊರೇಲಿರೋ ಪಿಐಪಿ2 ಅನ್ನೋ ಲಿಪಿಡ್‌ನ ಕತ್ತರಿಸುತ್ತೆ, ನೋಡೋದು ಅನ್ನೋ ಕೆಲಸ ಶುರುವಾಗೋದೇ ಅಲ್ಲಿಂದ. ಹಗಲೆಲ್ಲಾ ಬೆಳಕಲ್ಲೇ ಹಾರಾಡೋ ಪ್ರಾಣಿ, ಕತ್ತರಿಸ್ತಾ ಹೋದ್ರೆ ಸ್ಟಾಕ್ ಮುಗಿಯಲ್ವಾ? ಮುಗಿಯುತ್ತೆ. ತುಂಬಿಸೋಕೆ ಪಿಐ ಅನ್ನೋ ಇನ್ನೊಂದು ಲಿಪಿಡ್ ಕಚ್ಚಾಮಾಲಾಗಿ ಬೇಕು, ಅದು ತಯಾರಾಗೋದು ಇಆರ್‌ನಲ್ಲಿ. ಅದೃಷ್ಟಕ್ಕೆ ಇಆರ್‌ನ ಒಂದು ಭಾಗ ಹೊರಪೊರೆಗೆ ಅಂಟ್ಕೊಂಡ ಹಾಗೇ ಕೂತಿರುತ್ತೆ, ನಡುವೆ ಕೆಲವೇ ನ್ಯಾನೊಮೀಟರ್ ಸಂದು. ಆ ಸಂದಲ್ಲಿ ಆರ್‌ಡಿಜಿಬಿ ಅನ್ನೋ ಪ್ರೋಟೀನು ಪಿಐನ ಈ ಕಡೆಯಿಂದ ಆ ಕಡೆಗೆ ದಾಟಿಸುತ್ತೆ. ಮನೆ ಕಟ್ಟೋ ಕಡೆ ಇಟ್ಟಿಗೆ ಕೈಯಿಂದ ಕೈಗೆ ಕೊಡ್ತಾರಲ್ಲ, ಹಂಗೆ, ಲಾರಿ ಪಾರಿ ಏನೂ ಬೇಡ.

ಹೆಸರೇ ಅದರ ಕಥೆ ಹೇಳುತ್ತೆ, ರೆಟಿನಲ್ ಡಿಜೆನರೇಶನ್ ಬಿ. ಈ ಜೀನ್ ಕೆಟ್ಟಿರೋ ನೊಣಗಳನ್ನ ಬೆಳಕಲ್ಲಿ ಇಟ್ರೆ ಕಣ್ಣಿನ ಜೀವಕೋಶಗಳು ಬೇಗ ಹಾಳಾಗಿ ಹೋಗ್ತವೆ, ಕತ್ತಲಲ್ಲಿ ಇಟ್ರೆ ನಿಧಾನ. ನೋಡಿದಷ್ಟೂ ಸವೆಯೋ ಕಣ್ಣು! (ಓದ್ದಾಗ ಪಾಪ ಅನ್ಸ್ತು ನಿಜವಾಗ್ಲೂ.)

ಇನ್ನೊಂದು ಖುಷಿ ಅಂದ್ರೆ ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡ್ತಿರೋದು ನಮ್ಮ ಬೆಂಗಳೂರಲ್ಲೇ, ಜಿಕೆವಿಕೆ ಕ್ಯಾಂಪಸ್‌ನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ರಘು ಪಡಿಂಜಾಟ್ ಅವರ ಲ್ಯಾಬು. 2018ರಲ್ಲಿ ಅವರು ತೋರಿಸಿದ್ದು, ಆರ್‌ಡಿಜಿಬಿ ಆ ಸಂದಲ್ಲೇ ನಿಲ್ಲೋದು ಸುಮ್ನೆ ಅಲ್ಲ, ಇಆರ್ ಮೇಲಿರೋ ವ್ಯಾಪ್ ಅನ್ನೋ ಇನ್ನೊಂದು ಪ್ರೋಟೀನ್ ಅದನ್ನ ಹಿಡ್ಕೊಂಡಿರುತ್ತೆ ಅಂತ. ಆ ಹಿಡಿತ ತಪ್ಪಿದ್ರೆ ಆರ್‌ಡಿಜಿಬಿ ಜಾಗ ಬಿಟ್ಟು ಚೆದುರಿ ಹೋಗುತ್ತೆ, ಕಣ್ಣಿನ ಕೆಲಸಾನೂ ಕೆಡುತ್ತೆ. ಅಂದ್ರೆ ಹೊರೋ ಶಕ್ತಿ ಇದ್ರೆ ಸಾಲ್ದು, ಸರಿಯಾದ ಜಾಗದಲ್ಲಿ ನಿಂತಿರ್ಬೇಕು.

ಎಲ್ಲಾ ಕಡೆ ಹಿಂಗೇ ಒಂದೊಂದಾಗಿ ಹೊರ್ತಾರೆ ಅಂತೇನಿಲ್ಲ, ವಿಪಿಎಸ್13, ಎಟಿಜಿ2 ತರದ ಪ್ರೋಟೀನ್‌ಗಳು ಉದ್ದಕ್ಕೆ ಸೇತುವೆ ಹಾಕಿದ ಹಾಗೆ ಇರ್ತವೆ, ಒಳಗಿನ ಕಾಲುವೇಲಿ ಲಿಪಿಡ್ ಜಾರ್ಕೊಂಡು ಹೋಗುತ್ತೆ. ಅದು ಇನ್ನೊಂದಿನಕ್ಕೆ.

ಬೆಳಗ್ಗೆ ಇದನ್ನೆಲ್ಲಾ ಹುಡುಗನಿಗೆ ಹೇಳ್ದೆ. ಶೂ ಲೇಸ್ ಕಟ್ತಾನೇ ಕೇಳ್ದ, "ವಾಪಸ್ ಬರೋವಾಗ ಖಾಲಿ ಬರುತ್ತಾ?" ಒಳ್ಳೆ ಪ್ರಶ್ನೆ ಮಾರಾಯ! ಆರ್‌ಡಿಜಿಬಿಯ ಪೊಟರೇಲಿ ಪಿಐ ಅಷ್ಟೇ ಅಲ್ಲ, ಪಿಐಪಿ2 ಕತ್ತರಿಸಿದ ಮೇಲೆ ಹೊರಪೊರೇಲಿ ಹುಟ್ಟೋ ಫಾಸ್ಫಾಟಿಡಿಕ್ ಆಸಿಡ್ ಅನ್ನೋ ಲಿಪಿಡ್ಡೂ ಕೂರುತ್ತೆ, ಅದು ಇಆರ್‌ಗೆ ಬಂದ್ರೆ ಮತ್ತೆ ಪಿಐ ಮಾಡ್ಬಹುದು ಅಂತ ಹೇಳೋಷ್ಟರಲ್ಲಿ ಬಸ್ ಬಂತು, ಓಡ್ದ.